ಮ್ಯಾಂಚೆಸ್ಟರ್ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ: ಮಗ್ಗ ಓಡುವ ಹೊತ್ತಿಗೆ ಹೋಗಿ

ಪ್ರವೇಶ ಉಚಿತ, ಕೆಲವು ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಒಳಗೆ ಕಾಲಿಟ್ಟ ಕೂಡಲೇ ಕೌಂಟರಿನಲ್ಲಿ ಕೇಳಬೇಕಾದದ್ದು ಒಂದೇ: ಹತ್ತಿಯ ಯಂತ್ರಗಳನ್ನು ಇವತ್ತು ಎಷ್ಟು ಗಂಟೆಗೆ ಓಡಿಸುತ್ತೀರಿ? ಉಳಿದ ಸುತ್ತಾಟವನ್ನೆಲ್ಲ ಆ ಹೊತ್ತಿಗೆ ಹೊಂದಿಸಿಕೊಳ್ಳಿ. ನಿಂತ ಯಂತ್ರದ ಮುಂದೆ ಫಲಕ ಓದಿದರೆ ಅರ್ಧವೂ ತಿಳಿಯುವುದಿಲ್ಲ.

ಜವಳಿ ವಿಭಾಗ ಇರುವುದು 1880ರ ರೈಲ್ವೆ ಗೋದಾಮಿನಲ್ಲಿ. ಕಾರ್ಡಿಂಗ್ ಯಂತ್ರದ ತಂತಿಹಲ್ಲುಗಳ ನಡುವೆ ಹಾಯ್ದ ಹತ್ತಿ ಬಾಚಿಕೊಂಡು ಮೆತ್ತನೆಯ ಹಂಜಿಯಾಗುತ್ತದೆ. ಆಮೇಲಿನ ಹಂತವನ್ನು ಹೆಚ್ಚಿನವರು ಗಮನಿಸದೆ ದಾಟಿಬಿಡುತ್ತಾರೆ: ಹಲವು ಹಂಜಿಗಳನ್ನು ಒಟ್ಟುಗೂಡಿಸಿ, ಒಂದಕ್ಕಿಂತ ಒಂದು ವೇಗವಾಗಿ ತಿರುಗುವ ರೋಲರ್ ಜೋಡಿಗಳ ನಡುವೆ ಎಳೆಯುವುದು. ಒಂದು ಹಂಜಿ ಸಣಕಲಾದ ಕಡೆ ಇನ್ನೊಂದು ದಪ್ಪಗಿರುವುದರಿಂದ ಒಟ್ಟು ಗಾತ್ರ ಸಮವಾಗುತ್ತದೆ. ಇಲ್ಲಿ ಉಳಿದ ಸಣಕಲು ಜಾಗವೇ ಮುಂದೆ ನೂಲು ಹೊಸೆಯುವ ಕದಿರಿನಲ್ಲಿ ಪಟ್ಟನೆ ಕಡಿಯುವುದು. ಗಾಳಿ ಒಣಗಿದ್ದರಂತೂ ಇನ್ನೂ ಹೆಚ್ಚು. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್ ಸೀಮೆಯ ತೇವದ ಹವೆ ಗಿರಣಿಗಳಿಗೆ ಒದಗಿಬಂದದ್ದು ಹೀಗೆ.

ಮಗ್ಗ ಶುರುವಾದಾಗ ಅಡ್ಡನೂಲು ಹೊತ್ತು ಆಚೀಚೆ ಓಡುವ ಲಾಳಿಯನ್ನಲ್ಲ, ಪಕ್ಕದ ಪುಟ್ಟ ಕವಲುಕಡ್ಡಿಯನ್ನು ನೋಡಿ. ಹೊಕ್ಕಿನ, ಅಂದರೆ ಅಡ್ಡದ, ನೂಲು ಅದಕ್ಕೆ ತಾಗುತ್ತಿರುವವರೆಗೆ ಮಗ್ಗ ಓಡುತ್ತದೆ; ನೂಲು ಕಡಿದರೆ ಅಥವಾ ಮುಗಿದರೆ ಈ ಕಡ್ಡಿಯೇ ಮಗ್ಗವನ್ನು ನಿಲ್ಲಿಸುತ್ತದೆ. ಹಾಸಿನ, ಅಂದರೆ ಉದ್ದದ, ಎಳೆ ಕಡಿದರೆ ಹಳೆಯ ಸಾದಾ ಮಗ್ಗಕ್ಕೆ ಗೊತ್ತೇ ಆಗುವುದಿಲ್ಲ. ನೇಯುವವರು ಕಣ್ಣಿಟ್ಟು ಹಿಡಿಯಬೇಕು, ತಪ್ಪಿದರೆ ಬಟ್ಟೆಯುದ್ದಕ್ಕೂ ಗೆರೆ. ನೂಲು ಪೋಣಿಸಲು ಲಾಳಿಯ ಕಣ್ಣಿನಿಂದ (ತೂತಿನಿಂದ) ಅದನ್ನು ಬಾಯಲ್ಲಿ ಹೀರಿ ಎಳೆಯುವ ರೂಢಿಯೂ ಇತ್ತು. ಒಂದೇ ಲಾಳಿ ಹಲವರ ಬಾಯಿಗೆ ಹೋಗಿ ಸೋಂಕು ಹರಡುವ ದಾರಿಯಾಯಿತು. ಒಂದೇ ಮಗ್ಗದ ಸದ್ದೂ ಕಿವಿಗಡಚಿಕ್ಕುವಂಥದ್ದು, ಚಿಕ್ಕ ಮಕ್ಕಳನ್ನು ಹಿಂದೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಉಗಿಯಂತ್ರಗಳ ಪವರ್ ಹಾಲ್ 1855ರ ಸರಕು ಶೆಡ್. 2019ರಲ್ಲಿ ರಿಪೇರಿಗೆಂದು ಮುಚ್ಚಿ 2025ರ ಅಕ್ಟೋಬರಿನಲ್ಲಿ ತೆರೆದರು. ಈಗ ಉಗಿ ಬರುವುದು ವಿದ್ಯುತ್ ಬಾಯ್ಲರಿನಿಂದ. ಇದನ್ನು ನೋಡಿ ಮೂಗು ಮುರಿಯುವವರು ಇರಬಹುದು. ಸಿಲಿಂಡರಿಗೆ ಬೇಕಾದದ್ದು ಒತ್ತಡ, ಅದು ಯಾವ ಬೆಂಕಿಯದಾದರೇನು.

ಬೇಬಿ ಕಂಪ್ಯೂಟರಿನ ಮುಂದೆ ಮಾತ್ರ ನಿಧಾನಿಸಿ. ಪ್ರೋಗ್ರಾಮನ್ನು ತನ್ನ ಎಲೆಕ್ಟ್ರಾನಿಕ್ ನೆನಪಿನಲ್ಲೇ ಇಟ್ಟುಕೊಂಡು ಓಡಿಸಿದ ಮೊದಲ ಕಂಪ್ಯೂಟರ್ ಇದು. ಮೂಲ ಯಂತ್ರ ಉಳಿದಿಲ್ಲ. ಇರುವುದು 1998ರಲ್ಲಿ, ಐವತ್ತು ವರ್ಷದ ನೆನಪಿಗೆ, ಕಟ್ಟಿದ ಪ್ರತಿರೂಪ. 32 ಬಿಟ್‌ಗಳ (ಸೊನ್ನೆ-ಒಂದುಗಳ) 32 ಸಾಲುಗಳಷ್ಟೇ ನೆನಪು, ಅದೂ ಕ್ಯಾಥೋಡ್ ಕಿರಣ ಕೊಳವೆಯ ಗಾಜಿನ ಮೇಲಿನ ವಿದ್ಯುದಂಶದ ಚುಕ್ಕೆಗಳಾಗಿ. ಚುಕ್ಕೆಗಳು ಬೇಗ ಸೋರಿಹೋಗುವುದರಿಂದ ಓದಿ ಓದಿ ಮತ್ತೆ ಬರೆಯುತ್ತಲೇ ಇರಬೇಕು. 1948ರ ಜೂನ್ 21ರಂದು 2ರ 18ನೇ ಘಾತಕ್ಕೆ ಆ ಸಂಖ್ಯೆಯನ್ನೇ ಬಿಟ್ಟು ಅತಿ ದೊಡ್ಡ ಅಪವರ್ತನ ಹುಡುಕಲು ಮೂಲ ಯಂತ್ರಕ್ಕೆ 52 ನಿಮಿಷ ಹಿಡಿಯಿತು. ಪ್ರತಿರೂಪವನ್ನು ಎಲ್ಲ ದಿನವೂ ಚಾಲೂ ಮಾಡುವುದಿಲ್ಲ, ಮೊದಲೇ ವಿಚಾರಿಸಿ.

ಇದೇ ಆವರಣದಲ್ಲಿರುವ 1830ರ ಲಿವರ್‌ಪೂಲ್ ರೋಡ್ ನಿಲ್ದಾಣ ಉಳಿದಿರುವ ಪ್ರಯಾಣಿಕ ರೈಲು ನಿಲ್ದಾಣಗಳಲ್ಲೇ ಜಗತ್ತಿನ ಅತಿ ಹಳೆಯದು. ಹಳೆಯ ಕಟ್ಟಡಗಳ ದುರಸ್ತಿ ಇಲ್ಲಿ ಮುಗಿಯುವ ಕೆಲಸವಲ್ಲ. ನಿಲ್ದಾಣದ ಒಳಗೆ ಬಿಡುತ್ತಾರೆಂದು ನಂಬಿಕೊಂಡೇ ಹೊರಡಬೇಡಿ. ಹತ್ತಿರದ ಟ್ರಾಮ್ ನಿಲುಗಡೆ ಡೀನ್ಸ್‌ಗೇಟ್–ಕ್ಯಾಸಲ್‌ಫೀಲ್ಡ್.