ಕುದುರೆಗೆ ಯಾವ ರಗ್ಗು? ಎರಡು ವರ್ಷ ಹಾಕಿ, ಬಿಚ್ಚಿ ನೋಡಿದ ಮೇಲೆ

ಅಕ್ಟೋಬರ್ ಬಂತೆಂದರೆ ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಕುದುರೆ ಸಾಕುವವರಿಗೆಲ್ಲ ಅದರ ಮೈಗೆ ಯಾವ ರಗ್ಗು, ಅಂದರೆ ಹೊದಿಕೆ, ಹಾಕುವುದು ಅನ್ನುವುದೇ ಯೋಚನೆ. ಬೆಳಿಗ್ಗೆ 4 ಡಿಗ್ರಿ, ಮಧ್ಯಾಹ್ನ ಬಿಸಿಲು ಬಿದ್ದು 15, ಸಂಜೆಗೆ ಗಾಳಿಯ ಜೊತೆ ಇರಚಲು ಮಳೆ. ನಾನು ಏಳು ಗಂಟೆಗೆ ರಗ್ಗು ಹಾಕಿ ಕೆಲಸಕ್ಕೆ ಹೋದರೆ ವಾಪಸ್ ಬರುವುದು ಸಂಜೆ ಆರಕ್ಕೆ, ನಡುವೆ ಬಿಚ್ಚುವುದಕ್ಕೆ ಯಾರೂ ಇಲ್ಲ. ಹಾಗಾಗಿ ಹಾಕಿದ್ದು ಇಡೀ ದಿನಕ್ಕೆ ಆಗಿಬರಬೇಕು.

ನನ್ನ ಹೆಣ್ಣು ಕುದುರೆ ಕಾಬ್ (ಗಟ್ಟಿಮುಟ್ಟಾದ ಗಿಡ್ಡ ಕುದುರೆ) ಮತ್ತು ಥರೋಬ್ರೆಡ್ (ರೇಸಿನ ಕುದುರೆ) ಮಿಶ್ರ ತಳಿ, 14 ವರ್ಷ, ಮೈಕೂದಲು ಕತ್ತರಿಸಿಲ್ಲ. ಹಗಲು ಹುಲ್ಲುಗಾವಲು, ರಾತ್ರಿ ಲಾಯ. ಅವಳಿಗೆ ಮೂರು ಥರದ್ದು ಹಾಕಿ ನೋಡಿದ್ದೇನೆ: ಒಳಗೆ ಏನೂ ತುಂಬಿರದ ಬರೀ ಮಳೆ ರಗ್ಗು (ಇಲ್ಲಿಯವರ ಮಾತಲ್ಲಿ ಝೀರೋ ಗ್ರಾಂ), 200 ಗ್ರಾಂನದು, ಮತ್ತೊಂದು ಫ್ಲೀಸ್ (ಮೆತ್ತನೆಯ, ಉಣ್ಣೆಯಂಥ ಬಟ್ಟೆಯದು). ಈ ಗ್ರಾಂ ಅನ್ನುವುದು ರಗ್ಗಿನ ತೂಕ ಅಲ್ಲ, ಒಂದು ಚದರ ಮೀಟರಿಗೆ ಒಳಗೆ ಎಷ್ಟು ಪಾಲಿಯೆಸ್ಟರ್ ತುಂಬಿದ್ದಾರೆ ಅನ್ನುವ ಲೆಕ್ಕ. ಹೊರಗಿನ ಬಟ್ಟೆಯ ಲೆಕ್ಕ ಬೇರೆ, ಅದು ಡೀನಿಯರ್, ಅಂದರೆ ನೂಲಿನ ದಪ್ಪ. ಬೇಲಿಗೆ ಮೈ ಉಜ್ಜುವ ಕುದುರೆಯಾದರೆ 600 ಬೇಡ, 1200ರದ್ದೇ ತೆಗೆದುಕೊಳ್ಳಿ.

ಮೊದಲ ವರ್ಷ 200 ಗ್ರಾಂ ತಂದೆ. ಬಳ್ಳಾರಿ ಬಿಸಿಲಲ್ಲಿ ಬೆಳೆದವಳು ನಾನು, ನನಗೆ ನಡುಕ ಬಂದರೆ ಅವಳಿಗೂ ಚಳಿ ಇರಬೇಕು ಅಂತ ಅನಿಸಿತ್ತು. ಒಂದು ದಿನ ಮಧ್ಯಾಹ್ನವೇ ರಜೆ ಹಾಕಿ ಬಂದು ರಗ್ಗಿನ ಒಳಗೆ ಕೈ ಹಾಕಿದರೆ ಬೆವರಿನಿಂದ ಮೈಯೆಲ್ಲ ಒದ್ದೆ. ಹೊರಗೆ ಬರೀ 13 ಡಿಗ್ರಿ ಇತ್ತು! ಆಮೇಲೆ ಕುಳಿತು ಓದಿಕೊಂಡೆ. ಒಣಗಿದ ಮೈಯ, ಆರೋಗ್ಯವಾಗಿರುವ ದೊಡ್ಡ ಕುದುರೆಗೆ ಸುಮಾರು 5ರಿಂದ 25 ಡಿಗ್ರಿವರೆಗೆ ವಿಶೇಷ ಕಷ್ಟವಿಲ್ಲ. ತಿಂದ ಒಣಹುಲ್ಲು ದೊಡ್ಡ ಕರುಳಿನಲ್ಲಿ ಹುಳಿಯುವಾಗಲೇ ಮೈಗೆ ಕಾವು ಸಿಗುತ್ತದೆ. ಜೊತೆಗೆ ಚಳಿಯಾದಾಗ ಕೂದಲು ನಿಮಿರಿ ನಿಲ್ಲುತ್ತದೆ, ನಡುವೆ ಗಾಳಿ ತುಂಬಿಕೊಂಡು ಅದೇ ಕಂಬಳಿಯಾಗುತ್ತದೆ. ದಪ್ಪ ರಗ್ಗು ಆ ಕೂದಲನ್ನು ಅದುಮಿ ಹಾಕುತ್ತದೆ, ಅಂದರೆ ದೇವರು ಕೊಟ್ಟ ಕಂಬಳಿ ಕಿತ್ತು ಅಂಗಡಿಯದು ಹೊದಿಸಿದ ಹಾಗೆ ಆಯ್ತು ಅಲ್ವಾ? ಬೆವರಿದ ಮೈಗೆ ಸಂಜೆ ತಣ್ಣನೆ ಗಾಳಿ ತಾಗಿದರೆ ಇನ್ನೂ ಕಷ್ಟ.

ಮಾರನೇ ವಾರ ಝೀರೋ ಗ್ರಾಂ ತಂದೆ, ವ್ಯತ್ಯಾಸ ಆವತ್ತೇ ಗೊತ್ತಾಯಿತು. 7 ಡಿಗ್ರಿ, ದಿನವಿಡೀ ಮಳೆ, ಸಂಜೆ ಹೋಗಿ ನೋಡಿದರೆ ಮೈ ಒಣಗಿಯೇ ಇದೆ, ಬೆಚ್ಚಗೂ ಇದೆ. ಕುದುರೆಯನ್ನು ಸೋಲಿಸುವುದು ಬರೀ ಚಳಿ ಅಲ್ಲ, ಮಳೆ ಮತ್ತು ಗಾಳಿ ಒಟ್ಟಿಗೆ ಬಂದಾಗ ಕೂದಲು ನೆನೆದು ಮೈಗೆ ಅಂಟಿಕೊಳ್ಳುವುದು. ನಾರ್ವೆಯಲ್ಲಿ 23 ಕುದುರೆಗಳಿಗೆ ಹಲಗೆಯ ಮೇಲಿನ ಗುರುತು ಮೂತಿಯಿಂದ ಮುಟ್ಟಿ 'ರಗ್ಗು ಹಾಕು', 'ತೆಗೆ', 'ಹೀಗೇ ಇರಲಿ' ಅಂತ ಹೇಳುವುದನ್ನು ಕಲಿಸಿದ್ದರು, 2016ರಲ್ಲಿ ಅದು ಪ್ರಕಟವಾಯಿತು. ಮಳೆ, ಗಾಳಿ, ಚಳಿ ಇದ್ದ ದಿನ ಅವು ರಗ್ಗು ಬೇಕು ಅಂದವು, ಹವೆ ಚೆನ್ನಾಗಿದ್ದ ದಿನ ಬೇಡ ಅಂದವು. ಅದನ್ನು ಓದಿದ ದಿನ ನಾನು ನಮ್ಮವಳ ಕತ್ತು ತಬ್ಬಿಕೊಂಡು ನಿಂತಿದ್ದೆ, ಪಾಪ ಎಷ್ಟು ದಿನ ಬೇಯಿಸಿದ್ದೆ ಅಂತ.

ಈ ರಗ್ಗಿನಲ್ಲೂ ತೊಂದರೆ ಇದೆ. ಹಗುರ ಇರುವುದರಿಂದ ಗಾಳಿಗೆ ಪಕ್ಕಕ್ಕೆ ಜಾರುತ್ತದೆ. ನಾನು ಮೊದಲು ತಂದ ಝೀರೋ ಗ್ರಾಂನದು ಭುಜದ ಹತ್ತಿರ ಬಿಗಿಯಾಗಿ ಕೂದಲೇ ಸವೆದುಹೋಗಿತ್ತು. ಎದೆಯ ನಡುವಿನಿಂದ ತೊಡೆಯ ಹಿಂಭಾಗದವರೆಗೆ ಟೇಪು ಹಿಡಿದು ಅಳೆದೇ ಕೊಳ್ಳಿ, ಅಂದಾಜು ಬೇಡ. ಒಗೆಯುವಾಗ ಮಾಮೂಲಿ ಸೋಪಿನ ಪುಡಿ ಹಾಕಬೇಡಿ, ನೀರು ತಡೆಯುವ ಗುಣ ಹೋಗುತ್ತದೆ.

ಫ್ಲೀಸ್ ಹೊರಗೆ ಬಿಡುವಾಗ ಉಪಯೋಗಕ್ಕೆ ಬರುವುದಿಲ್ಲ, ಮಳೆಗೆ ನೆಂದು ಭಾರವಾಗುತ್ತದೆ. ಆದರೆ ಸವಾರಿ ಮುಗಿಸಿ ಬಂದು ಲಾಯದಲ್ಲಿ ಹೊದಿಸಿದರೆ ಮೈಯ ತೇವ ಬಟ್ಟೆ ದಾಟಿ ಮೇಲೆ ಹನಿಹನಿಯಾಗಿ ಕೂರುತ್ತದೆ, ಒಳಗೆ ಮೈ ಒಣಗುತ್ತದೆ. ಇದನ್ನು ನೋಡಿದಾಗಲೆಲ್ಲ ನಮ್ಮ ಕಡೆ ಕುರಿ ಕಾಯುವವರ ಕರಿ ಕಂಬಳಿ ಕಣ್ಣಿಗೆ ಬರುತ್ತದೆ.

ಈಗ ಬೆಳಿಗ್ಗೆ ಫೋನಿನಲ್ಲಿ ಮೊದಲು ನೋಡುವುದು ಡಿಗ್ರಿ ಅಲ್ಲ, ಮಳೆ ಮತ್ತು ಗಾಳಿ. ಎರಡೂ ಇಲ್ಲದಿದ್ದರೆ 3 ಡಿಗ್ರಿಯಲ್ಲೂ ಸುಮ್ನೆ ಹಾಗೇ ಬಿಡುತ್ತೇನೆ, ಹುಲ್ಲು ಮಾತ್ರ ಜಾಸ್ತಿ ಹಾಕುತ್ತೇನೆ. ಮಳೆ ಇದ್ದರೆ ಝೀರೋ ಗ್ರಾಂ. ಅನುಮಾನ ಬಂದರೆ ಕಿವಿ ಮುಟ್ಟಿ ನೋಡುವುದಿಲ್ಲ, ಭುಜದ ಹಿಂದೆ ರಗ್ಗಿನೊಳಗೆ ಕೈ ಹಾಕುತ್ತೇನೆ. ಒಂದೇ ಕೊಳ್ಳುವಷ್ಟು ದುಡ್ಡು ಇದ್ದರೆ ಝೀರೋ ಗ್ರಾಂನದನ್ನೇ ಕೊಳ್ಳಿ ಅನ್ನುತ್ತೇನೆ. ಮೈಕೂದಲು ಕತ್ತರಿಸಿದ ಕುದುರೆಯಾದರೆ ಈ ಮಾತು ನಡೆಯುವುದಿಲ್ಲ, ಅದಕ್ಕೆ ದಪ್ಪದ್ದೇ ಬೇಕು.

200 ಗ್ರಾಂನದು ಈಗ ಪಕ್ಕದ ಲಾಯದ 26 ವರ್ಷದ ಮುದಿ ಕುದುರೆಯ ಮೈಮೇಲಿದೆ. ಹಲ್ಲು ಸವೆದು ಒಣಹುಲ್ಲು ಅಗಿಯಲಾಗದೆ ಸೊರಗಿ ಹೋಗಿದ್ದಾನೆ. ಅವನಿಗೆ ಅದು ಹೇಳಿ ಮಾಡಿಸಿದ ಹಾಗಿದೆ.