ಕೋಲಾರದಲ್ಲಿ ಮಾವನವರ ಕಾಲಿನ ಶಸ್ತ್ರಚಿಕಿತ್ಸೆ: ಆಸ್ಪತ್ರೆಯ ಸೇವೆಯ ಬಗ್ಗೆ

ಕೋಲಾರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ಮಾವನವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಲಾಯಿತು. ಶಸ್ತ್ರಚಿಕಿತ್ಸೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ; ಆನಂತರದ ಆರೈಕೆಗೆ ಕೊಡಲಾರೆ.

ಟೊಮೆಟೊ ಬೆಳೆಗಾರರಾದ ಅವರಿಗೆ ಬಹುಕಾಲದ ಸಕ್ಕರೆ ಕಾಯಿಲೆ, ಜೊತೆಗೆ ಬೀಡಿಯ ಚಟ. ಹೆಬ್ಬೆರಳು ಕಪ್ಪಾಗುವ ಮೊದಲೇ ರಾತ್ರಿಯೆಲ್ಲ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂರುತ್ತಿದ್ದರು. ಹಾಗೆ ಮಾಡಿದರೆ ಮಾತ್ರ ನೋವು ತಗ್ಗುತ್ತಿತ್ತು. ಪಾದಕ್ಕೆ ರಕ್ತ ತಲುಪದಿರುವುದರ ಲಕ್ಷಣ ಇದೆಂದು ಇಲ್ಲಿನ ಶಸ್ತ್ರವೈದ್ಯರು ಮೊದಲ ಭೇಟಿಯಲ್ಲೇ ಹೇಳಿದರು. ಆದರೂ ಕತ್ತರಿಸುವ ಮಾತಿಗೆ ಅವಸರಪಡಲಿಲ್ಲ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸಿ ನೋಡಿದರು; ಈ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ಗಡುಸಾದ ರಕ್ತನಾಳಗಳು ಬಿಪಿ ಅಳೆಯುವ ಪಟ್ಟಿಯ ಒತ್ತಡಕ್ಕೆ ಮಣಿಯದೆ ಈ ಅಂಕಿ ಹುಸಿಯಾಗಿ ಹೆಚ್ಚು ಬರುವುದುಂಟಾದ್ದರಿಂದ, ಅದೊಂದನ್ನೇ ನಂಬದೆ, ರಕ್ತದ ಹರಿವು ಎಲ್ಲಿ ತಡೆದಿದೆ ಎಂದು ತೋರಿಸುವ ಡಾಪ್ಲರ್ ಮತ್ತು ಆಂಜಿಯೋಗ್ರಾಂ ಪರೀಕ್ಷೆಗಳನ್ನು ಮಾಡಿಸಿದರು. ಆಂಜಿಯೋಪ್ಲಾಸ್ಟಿಯಿಂದ ತೊಡೆಯ ರಕ್ತನಾಳ ತೆರೆದುಕೊಂಡರೂ ಕೊಳೆತ ಪಾದ ಉಳಿಯುವಂತಿರಲಿಲ್ಲ; ಉಳಿದದ್ದು ಮೊಣಕಾಲು. ಅದು ಸಣ್ಣ ಮಾತಲ್ಲ. ಮೊಣಕಾಲಿದ್ದವರು ಕೃತಕ ಕಾಲಿನಲ್ಲಿ ನಡೆಯಲು ಪಡುವ ಶ್ರಮ, ಅದಿಲ್ಲದವರಿಗಿಂತ ಬಹಳ ಕಡಿಮೆ. ರಕ್ತಸಂಚಾರ ಚೆನ್ನಾಗಿರುವ ಮೀನಖಂಡದ ಮಾಂಸವನ್ನು ಹಿಂದಿನಿಂದ ಮುಂದಕ್ಕೆ ಮಡಚಿ ಮೂಳೆಯ ತುದಿಗೆ ಮೆತ್ತೆಯಾಗಿಸಿದ್ದರು. ಗಾಯ ಕೀವಾಗದೆ ಮಾಯಿತು.

ದೂರು ಇರುವುದು ವಾರ್ಡಿನ ಬಗ್ಗೆ. ಆರಾಮವಾಗಿರಲೆಂದು ಸಿಬ್ಬಂದಿಯೇ ಮೊಣಕಾಲಿನ ಕೆಳಗೆ ದಿಂಬು ಇಟ್ಟಿದ್ದರು. ಹೀಗೆ ಸದಾ ಮಡಚಿದ ಮೊಣಕಾಲು ಕ್ರಮೇಣ ಸೆಟೆದು, ಕೃತಕ ಕಾಲು ಸರಿಯಾಗಿ ಕೂರುವುದೇ ಇಲ್ಲ ಎಂಬುದನ್ನು ಫಿಸಿಯೋಥೆರಪಿಸ್ಟ್ ಬಂದು ಹೇಳಿದ್ದು ಡಿಸ್ಚಾರ್ಜ್ ದಿನ. ಊತ ಇಳಿಯಲು ಮೊಂಡುಗಾಲಿಗೆ ಪಟ್ಟಿಯನ್ನು ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಬೇಕು. ಇದನ್ನೂ ಆತುರಾತುರವಾಗಿ ಒಂದು ಸಲ ತೋರಿಸಿ ಮುಗಿಸಿದರು. “ಇಲ್ಲದ ಹೆಬ್ಬೆರಳು ಉರೀತಿದೆ ಕಣಮ್ಮಾ” ಎಂದು ಮಾವ ಹೇಳಿದಾಗ ದಾದಿಯೊಬ್ಬರು ನಕ್ಕುಬಿಟ್ಟರು. ಅದು ನರಗಳಿಂದ ಬರುವ ನಿಜವಾದ ನೋವು, ಅದಕ್ಕೆ ಮಾತ್ರೆಗಳಿವೆ. ವೈದ್ಯರು ಬರೆದುಕೊಟ್ಟ ಮೇಲೆ ಮಾವನವರಿಗೆ ನಿದ್ದೆ ಹತ್ತಿತು.

ಖರ್ಚಿನ ಬಗ್ಗೆ ಹೇಳುವುದಾದರೆ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ವಿಷಯವನ್ನು ದಾಖಲಾಗುವ ಮುನ್ನವೇ ವಿಚಾರಿಸಿಕೊಳ್ಳಿ.

ಇಲ್ಲಿಗೆ ಹೋಗುವವರು ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಫಿಸಿಯೋಥೆರಪಿಸ್ಟ್ ಬೇಕೆಂದು ಪಟ್ಟು ಹಿಡಿಯಿರಿ. ಎಡಗಾಲಿನ ರಕ್ತಸಂಚಾರವನ್ನೂ ಪರೀಕ್ಷಿಸಿ ಎಂದು ನಾವೇ ಕೇಳಬೇಕಾಯಿತು. ಬೀಡಿ ಬಿಡಿಸುವ ಮಾತನ್ನಂತೂ ವಾರ್ಡಿನಲ್ಲಿ ಯಾರೂ ಎತ್ತಲಿಲ್ಲ.