ಸತ್ಯವೇದದ ಕಥೆ ನಾಲ್ಕು ವರ್ಷದ ಮಗುವಿಗೆ: ಪುಸ್ತಕವೋ, ಮೊಬೈಲೋ, ಹತ್ತು ನಾಣ್ಯವೋ?

ಸಂಡೇ ಸ್ಕೂಲಿನಲ್ಲಿ ಚಿಕ್ಕವರಿಗೆ ಆ್ಯಕ್ಷನ್ ಸಾಂಗ್ ಚೆನ್ನಾಗಿ ಕಲಿಸುತ್ತಾರೆ. ಕಥೆ ಮಾತ್ರ ದೊಡ್ಡ ಮಕ್ಕಳ ಅಳತೆಯದ್ದು. ಹಾಗಾಗಿ ಅದು ಮನೆಯಲ್ಲೇ ಆಗಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾಲ್ಕು ಬಗೆ ನೋಡಿದ್ದೇವೆ: ಸತ್ಯವೇದವನ್ನೇ (ಬೈಬಲನ್ನೇ) ಓದುವುದು, ಚಿತ್ರಪುಸ್ತಕ, ಮೊಬೈಲ್ ಕಾರ್ಟೂನ್, ಕೈಗೆ ಸಿಕ್ಕ ಸಾಮಾನು ಇಟ್ಟುಕೊಂಡು ಆಡಿಸುತ್ತಾ ಹೇಳುವುದು.

ಓದುವುದು ಕಥೆಗೆ ಒಗ್ಗಲಿಲ್ಲ. ಎರಡನೇ ವಚನಕ್ಕೆ ಮಗ ಎದ್ದು ಜಗಲಿ ಸೇರಿರುತ್ತಾನೆ. ಆದರೆ ಸತ್ಯವೇದದಲ್ಲೇ ಇರುವ ಹಾಡುಗಳಾದ ಕೀರ್ತನೆಗೆ ಓದುವುದನ್ನು ಬಿಟ್ಟರೆ ಬೇರೆ ದಾರಿಯೇ ಬೇಡ. 23ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ. ಸಂಜೆ ಪ್ರಾರ್ಥನೆಯಲ್ಲಿ ಅಜ್ಜಿ ಹೇಳುವುದನ್ನು ಕೇಳಿ ಕೇಳಿ ‘ಯೆಹೋವನು ನನಗೆ ಕುರುಬನು’ ಅವನಿಗೂ ಬಾಯಿಪಾಠವಾಗಿದೆ.

ಚಿತ್ರಪುಸ್ತಕದ ದೊಡ್ಡ ಗುಣವೆಂದರೆ ನಾವಿಲ್ಲದಾಗಲೂ ಮಗು ತಾನೇ ಬಿಡಿಸಿಕೊಂಡು ಕೂರುತ್ತದೆ. ತೊಂದರೆ ಎರಡು. ನೋಹನ ನಾವೆಯ ಪುಟ ತೆಗೆದರೆ ಜಿರಾಫೆಯಿಂದ ಮುಂದಕ್ಕೆ ಹೋಗುವುದೇ ಇಲ್ಲ. ಪಾರಿವಾಳ, ಕಾಮನಬಿಲ್ಲು ಎಲ್ಲ ಹಾಗೇ ಉಳಿಯುತ್ತವೆ. ಇನ್ನೊಂದು ನಮ್ಮೂರಿನ ತೊಂದರೆ: ಜುಲೈ ಬಂದರೆ ಪುಟಕ್ಕೆ ಪುಟ ಅಂಟಿ ಬೂಷ್ಟು ಹಿಡಿಯುತ್ತದೆ. ಕೊಳ್ಳುವುದಾದರೆ ದಪ್ಪ ರಟ್ಟಿನ, ಒರೆಸಿದರೆ ಹೋಗುವಂಥದ್ದನ್ನೇ ಕೊಳ್ಳಿ.

ಮೊಬೈಲ್ ಬಗ್ಗೆ ನನ್ನದು ಮಡಿವಂತಿಕೆಯಲ್ಲ. ಒಲೆ ಮುಂದೆ ನಿಂತಾಗ ಅದು ಉಪಕಾರಿಯೇ. ಆದರೆ ದಾವೀದನ ಕಾರ್ಟೂನ್ ನೋಡಿದ ಮೇಲೆ ಏನಾಯಿತು ಎಂದು ಕೇಳಿದರೆ ಹಾಡು ಬರುತ್ತದೆ, ಕಥೆ ಬರುವುದಿಲ್ಲ. ಕಥೆ ಮುಗಿದು ಉಸಿರು ಬಿಡುವಷ್ಟರಲ್ಲಿ ಮುಂದಿನ ವಿಡಿಯೊ ಶುರು. ಮಗುವಿನ ಪ್ರಶ್ನೆ ಹುಟ್ಟುವುದೇ ಆ ಹೊತ್ತಿನಲ್ಲಿ, ಅದಕ್ಕೇ ಅಲ್ಲಿ ಜಾಗವಿಲ್ಲ.

ಆಡಿಸಿ ಹೇಳುವುದಕ್ಕೆ ಅದೇ ದಾವೀದನನ್ನು ತೆಗೆದುಕೊಳ್ಳಿ. ಹಳ್ಳದಿಂದ ಅವನು ಆರಿಸಿಕೊಂಡದ್ದು ಐದು ನುಣುಪು ಕಲ್ಲು. ತುಂಗಾ ತೀರದಲ್ಲಿ ಅಂಥ ಕಲ್ಲಿಗೆ ಬರವೇ? ಅವನು ಎದುರಿಸಿದ ದೈತ್ಯ ಗೊಲ್ಯಾತನ ಎತ್ತರ ಆರು ಮೊಳ, ಮೇಲೊಂದು ಗೇಣು. ನನ್ನ ಮೊಳದಲ್ಲೇ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾ ಹೋದೆ, ಕೊನೆಗೆ ಸ್ಟೂಲ್ ಹತ್ತಬೇಕಾಯಿತು. ಗೆರೆಯ ಕೆಳಗೆ ನಿಂತು ಕತ್ತೆತ್ತಿ ನೋಡಿದವನಿಗೆ ದಾವೀದನ ಧೈರ್ಯ ಏನೆಂದು ನಾನು ಹೇಳಬೇಕಾಗಲಿಲ್ಲ. ತಲೆ ಕಡಿದದ್ದನ್ನು ಬಿಡುತ್ತೇನೆ. ದಾನಿಯೇಲನ ಕಥೆಯಲ್ಲೂ ಹಾಗೆ: ಚಾಡಿ ಹೇಳಿದವರನ್ನು ಹೆಂಡತಿ ಮಕ್ಕಳ ಸಮೇತ ಸಿಂಹದ ಗವಿಗೆ ಹಾಕಿದ ಭಾಗ ಈಗ ಬೇಡ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹ ನೋಡಿ ಬಂದ ಮಗುವಿಗೆ, ದಾನಿಯೇಲ ಒಂದು ರಾತ್ರಿ ಸಿಂಹಗಳ ಜೊತೆ ಇದ್ದದ್ದೇ ಸಾಕಷ್ಟು ದೊಡ್ಡ ಸಂಗತಿ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಎಲ್ಲರೂ ಹಿಡಿಯುವುದು ಕಳೆದುಹೋದ ಕುರಿಯನ್ನು. ನೂರು ಕುರಿ ನಾಲ್ಕು ವರ್ಷದ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಬೆನ್ನಿಗೇ ಯೇಸು ಹೇಳಿದ ಇನ್ನೊಂದು ಸಾಮ್ಯ (ನೀತಿ ತೋರಿಸುವ ಪುಟ್ಟ ಕಥೆ) ಇದೆ: ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದು ಕಳೆದು, ದೀಪ ಹಚ್ಚಿ ಮನೆ ಗುಡಿಸಿ ಹುಡುಕುವ ಹೆಂಗಸು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದಕ್ಕೆ ಕಾಯಬೇಕಾಗಿಯೇ ಇಲ್ಲ. ಒಂದು ನಾಣ್ಯ ಬಚ್ಚಿಟ್ಟು ಅವನ ಕೈಗೆ ಟಾರ್ಚ್, ಹಿಡಿಸೂಡಿ ಕೊಟ್ಟೆ. ಸಿಕ್ಕಾಗ ಆ ಹೆಂಗಸು ನೆರೆಯವರನ್ನು ಕರೆದ ಹಾಗೆ ಇವನೂ ಪಕ್ಕದ ಮನೆಯವರನ್ನು ಕೂಗಿದ. (ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ನಾಣ್ಯದ ಬದಲು ಸ್ಟೀಲ್ ಲೋಟ ಇಡಿ, ಬಾಯಿಗೆ ಹಾಕಿಕೊಂಡರೆ ಕಷ್ಟ.)

ನೋಹನಿಗೆ ಸಾಮಾನೂ ಬೇಡ. ಹತ್ತಿರದ ಆಗುಂಬೆಯಲ್ಲೇ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಲವತ್ತು ಹಗಲು, ನಲವತ್ತು ರಾತ್ರಿ ಎಂದರೆ ನಮ್ಮ ಹುಡುಗ ‘ಅಷ್ಟೇನಾ ಅಮ್ಮಾ?’ ಎಂದ. ಆಮೇಲೆ, ‘ನಾವೆ ಹತ್ತದೇ ಇದ್ದವರು?’ ಚಿತ್ರಪುಸ್ತಕದಲ್ಲಿ ಈ ಪ್ರಶ್ನೆ ಏಳಲೇ ಇಲ್ಲ, ಅಲ್ಲಿ ಎಲ್ಲರೂ ನಗುತ್ತಿದ್ದರು. ನೀರು ಪಾಲಾದರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಪಾರಿವಾಳದ ವಿಷಯಕ್ಕೆ ಹೋದ.

ಆಡಿಸುವುದರ ಖರ್ಚು ನಮ್ಮ ಮೈಗೆ. ದಿನವಿಡೀ ದುಡಿದು ಬಂದವರಿಗೆ ಸಂಜೆ ಸ್ಟೂಲ್ ಹತ್ತುವುದು ಆಗದ ಮಾತು, ಅಂಥ ದಿನ ಚಿತ್ರಪುಸ್ತಕ ಕೊಡುತ್ತೇನೆ. ಅತ್ತೆಗೂ ಇದರ ಮೇಲೆ ತಕರಾರಿದೆ: ‘ದೇವರ ವಾಕ್ಯ ಆಟದ ಸಾಮಾನೇನೇ?’ ಅವರಿಗಾಗಿ ಪ್ರಾರ್ಥನೆಯ ಹೊತ್ತು, ಕೀರ್ತನೆ ಎರಡನ್ನೂ ಮುಟ್ಟಿಲ್ಲ, ಆಟವೆಲ್ಲ ಅದಕ್ಕೆ ಮುಂಚೆ. ಆದರೂ ಕೂಸು ಮೋಶೆಯನ್ನು ಮಲಗಿಸಿ ನದಿಯಂಚಿನಲ್ಲಿಟ್ಟ ಬುಟ್ಟಿಗೆ ಅಡಿಕೆ ಹಾಳೆ ಬೇಕು ಅಂದಾಗ ತೋಟಕ್ಕೆ ಹೋಗಿ ಸೀಳಿಲ್ಲದ್ದನ್ನೇ ಹುಡುಕಿ ತಂದುಕೊಟ್ಟವರು ಅವರೇ.